ನಿಕ್ಷೇಪ: ಹೂತ ಹೊನ್ನು, ಬರೆದ ಹೊನ್ನು

ಕನ್ನಡ ಶಾಸನಗಳ ಪರಿಚಯವಿದ್ದವರಿಗೆ ‘ಅಷ್ಟಭೋಗತೇಜಸ್ವಾಮ್ಯ’ವೆಂಬ ಪದ ಹೊಸದೇನಲ್ಲ. ಭೂಮಿಯನ್ನು ದಾನವಾಗಿ ಕೊಡುವಾಗ ಅದರೊಡನೆ ಸಲ್ಲುವ ಎಂಟು ಹಕ್ಕುಗಳನ್ನು, ವಿಶೇಷವಾಗಿ ವಿಜಯನಗರ ಕಾಲದ ಶಾಸನಗಳು, ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಣಿಸುತ್ತವೆ. ಈ ಎಂಟರಲ್ಲಿ ಮೊದಲ ಎರಡೂ ನೆಲದೊಳಗಿನ ಸಂಪತ್ತಿಗೆ ಸಂಬಂಧಿಸಿದವು. ನೀರಿಗಿಂತ, ಕಲ್ಲಿಗಿಂತ, ಮುಂದಿನ ಬೆಳೆಗಿಂತ ಮೊದಲು ಹೂತ ಹೊನ್ನಿನ ಹೆಸರು ಬರುತ್ತದೆ. ಹೊನ್ನನ್ನು ಮಣ್ಣಿನಲ್ಲಿ ಬಚ್ಚಿಡುವುದು ಎಷ್ಟು ವಾಡಿಕೆಯಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ಆದರೆ ‘ನಿಕ್ಷೇಪ’ ಶಬ್ದಕ್ಕೆ ಧರ್ಮಶಾಸ್ತ್ರಗಳಲ್ಲಿ ಇನ್ನೊಂದು ಅರ್ಥವೂ ಇದೆ. ನಂಬಿಕಸ್ಥರ ಬಳಿ ಕಾಯ್ದಿಡಲೆಂದು ಒಪ್ಪಿಸಿದ ವಸ್ತುವೂ ನಿಕ್ಷೇಪವೇ. ವ್ಯವಹಾರದ ಹದಿನೆಂಟು ಪದಗಳಲ್ಲಿ ಅದೂ ಒಂದಾಗಿ, ಅದರ ವ್ಯಾಜ್ಯಗಳಿಗೆ ಸಾಕ್ಷಿ, ಪ್ರಮಾಣಗಳ ನಿಯಮಗಳನ್ನು ಹೇಳಲಾಗಿದೆ. ಒಂದು ಅರ್ಥದಲ್ಲಿ ಹೊನ್ನಿಗೆ ಮಣ್ಣು ಮಾತ್ರ ಸಾಕ್ಷಿ. ಇನ್ನೊಂದರಲ್ಲಿ ಮನುಷ್ಯರು ಸಾಕ್ಷಿ. ಬೆಲೆಬಾಳುವ ಲೋಹವನ್ನು ಮನೆಯಲ್ಲಿ ಹೇಗೆ ಕಾಯಬೇಕು, ಕಳ್ಳರನ್ನು ಹೇಗೆ ದೂರವಿಡಬೇಕು ಎಂಬ ಇಂದಿನ ಪ್ರಶ್ನೆಗೂ ಉತ್ತರ ಈ ಎರಡು ಅರ್ಥಗಳ ನಡುವೆಯೇ ಇದೆ. ಮೊದಲ ಅರ್ಥವನ್ನು ಮಾತ್ರ ನೆಚ್ಚಿಕೊಂಡ ನಾಡಿಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶಕ್ಕಿಂತ ತಕ್ಕ ನೆಲ ಸಿಗುವುದು ಕಷ್ಟ.

ಈ ಸೀಮೆಯ ಹೆಸರುಗಳಲ್ಲಿಯೇ ಹೊನ್ನಿದೆ. ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಉಲ್ಲೇಖಗೊಂಡ ಸುವರ್ಣಗಿರಿ ಗಂಗಾವತಿ ಸೀಮೆಯ ಕನಕಗಿರಿಯೇ ಇರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಮಸ್ಕಿಯ ಪರಿಸರವನ್ನು ಸೂಚಿಸಿದವರೂ ಉಂಟು. ಅಶೋಕನ ಶಾಸನಗಳು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿಯೂ ಇವೆ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು ಅಗೆದ ಗಣಿಯ ಕುರುಹುಗಳಿದ್ದು, ಅಲ್ಲಿ ಇಂದಿಗೂ ಚಿನ್ನ ತೆಗೆಯಲಾಗುತ್ತಿದೆ. ತುಂಗಭದ್ರೆಯ ದಡದ ಆನೆಗೊಂದಿ ವಿಜಯನಗರದ ಮೂಲನೆಲೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಅರಮನೆಯ ಕೋಣೆಗಳಲ್ಲಿ ಕುಳಿ ತೋಡಿ ಕರಗಿಸಿದ ಚಿನ್ನವನ್ನು ತುಂಬಿಸಿದ್ದನ್ನೂ, ಮೇಲು ಕೀಳೆನ್ನದೆ ಜನರೆಲ್ಲ ಕಿವಿ, ಕೊರಳು, ತೋಳುಗಳಿಗೆ ಆಭರಣ ತೊಡುತ್ತಿದ್ದುದನ್ನೂ ಬರೆದಿದ್ದಾನೆ. ಕೃಷ್ಣದೇವರಾಯನ ಕಾಲದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಹೇಳುವಂತೆ, ತೀರಿಹೋದ ಅರಸನ ಭಂಡಾರಕ್ಕೆ ಬೀಗಮುದ್ರೆ ಹಾಕಿ, ಅನಿವಾರ್ಯವಾಗದ ಹೊರತು ಮುಂದಿನವರು ಅದನ್ನು ತೆರೆಯುತ್ತಿರಲಿಲ್ಲ.

ಇಷ್ಟೆಲ್ಲ ಮುದ್ರೆಯೊತ್ತಿ ಕಾಯ್ದ ಸಂಪತ್ತು 1565ರ ಯುದ್ಧದ ಬಳಿಕ ಕೆಲವು ದಿನಗಳಲ್ಲಿ ಆನೆಗಳ ಬೆನ್ನೇರಿ ಹೋಯಿತು. ಉಳಿದುದನ್ನು ಲೂಟಿಕೋರರು ಹೊತ್ತರು. ನೆಲದಲ್ಲಿ ಉಳಿದದ್ದು ಸುದ್ದಿ ಮಾತ್ರ. ‘ಇಲ್ಲೆಲ್ಲೋ ಇನ್ನೂ ಇದೆ’ ಎಂಬ ಆ ಸುದ್ದಿಗೆ ನಾಲ್ಕೂವರೆ ಶತಮಾನಗಳಾದರೂ ಸವಕಳಿಯಿಲ್ಲ.

ಆ ಸುದ್ದಿಯ ಬೆಲೆ ಎಷ್ಟೆಂಬುದು 2019ರ ಜುಲೈ ತಿಂಗಳಲ್ಲಿ ಲೋಕಕ್ಕೆ ತಿಳಿಯಿತು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನದಲ್ಲಿ, 1539ರಲ್ಲಿ ಕಾಲವಾದ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಯಿಂದ ಬಂದವರು ರಾತ್ರೋರಾತ್ರಿ ಕಿತ್ತುಹಾಕಿದರು. ಆಂಧ್ರಪ್ರದೇಶದಿಂದ ಬಂದ ಆರೋಪಿಗಳನ್ನು ಪೊಲೀಸರು ಬಂಧಿಸಿದರು. ಭಕ್ತರು ಒಂದುಗೂಡಿ ಕೆಲವೇ ದಿನಗಳಲ್ಲಿ ವೃಂದಾವನವನ್ನು ಮತ್ತೆ ಕಟ್ಟಿದರು. ಸರ್ವವನ್ನೂ ತೊರೆದ ಯತಿಯೊಬ್ಬರ ಸಮಾಧಿಯಲ್ಲಿ ಹೊನ್ನು ಹುಡುಕುವಷ್ಟು ಕುರುಡು ಈ ನಂಬಿಕೆ. ನವವೃಂದಾವನಕ್ಕೆ ಲಕ್ಷಾಂತರ ಭಕ್ತರಿದ್ದರು, ಆದ್ದರಿಂದ ಅದು ಮರಳಿ ನಿಂತಿತು. ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿಗೆ, ಪಾಳುಬಿದ್ದ ಬಸದಿಯ ಪೀಠಕ್ಕೆ, ಗುಡ್ಡದ ಮೇಲಿನ ನಿಸಿದಿಗೆ ಅಂಥ ಬಳಗವಿಲ್ಲ. ಗುದ್ದಲಿ ಬಿದ್ದ ಶಾಸನ ಓದುಗನಿಗೆ ಶಾಶ್ವತವಾಗಿ ನಷ್ಟ. ಹೂತ ಹೊನ್ನಿಗಿಂತ ಹೂತಿದೆಯೆಂಬ ಮಾತೇ ಹೆಚ್ಚು ಅಪಾಯಕಾರಿ ಎಂಬುದನ್ನು ಸಂಶೋಧಕರು ಅರಿಯಬೇಕಾದದ್ದು ಈ ಕಾರಣಕ್ಕೆ. ಊರ ಹೊರಗಿನ ಸ್ಮಾರಕಕ್ಕೆ ಅನ್ವಯಿಸುವ ಈ ಮಾತು ಊರೊಳಗಿನ ಮನೆಗೂ ಹಾಗೆಯೇ ಅನ್ವಯಿಸುತ್ತದೆ.

ಕಳ್ಳನ ವಿಷಯದಲ್ಲಿ ಹಳೆಯ ಸಾಹಿತ್ಯ ಇಂದಿನ ಗೃಹಸ್ಥನಿಗಿಂತ ಹೆಚ್ಚು ವಾಸ್ತವವಾದಿಯಾಗಿದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯೂ ಒಂದು. ಹಗಲು ಕುಷ್ಠರೋಗಿಯ ವೇಷದಲ್ಲಿ ಬಿದ್ದಿದ್ದು, ಇರುಳು ಅರಮನೆಗೇ ನುಗ್ಗಿ ಅರಸನ ಹಾರವನ್ನು ಕದಿಯುವ ಈತ, ಕಳ್ಳತನವನ್ನು ಶಾಸ್ತ್ರವಾಗಿ ಕಲಿತವನು. ನಗರ ಕಾಯುವ ತಳಾರನಾದ ಯಮದಂಡನಿಗೆ ಈತ ಅಪರಿಚಿತನಲ್ಲ. ಬಾಲ್ಯದಲ್ಲಿ ಜೊತೆಯಲ್ಲಿ ಓದಿದ ಗೆಳೆಯ. ಕಾವಲಿನ ವಿದ್ಯೆಯೂ ಕಳವಿನ ವಿದ್ಯೆಯೂ ಒಂದೇ ಗುರುವಿನ ಬಳಿ ಕಲಿತವೆಂಬ ಈ ಕಲ್ಪನೆಯಲ್ಲಿ ಆಳವಾದ ಲೋಕಾನುಭವವಿದೆ. ಸಂಸ್ಕೃತದ ಮೃಚ್ಛಕಟಿಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುವಾಗಲೂ ಅದನ್ನೊಂದು ಕಲೆಯೆಂದೇ ಭಾವಿಸುತ್ತಾನೆ. ಅವನು ಕದ್ದದ್ದು ವಸಂತಸೇನೆ ಅಲ್ಲಿ ನ್ಯಾಸವಾಗಿ ಇಟ್ಟಿದ್ದ ಒಡವೆಗಳನ್ನು. ಅವನ ಗುಟ್ಟು ಬಯಲಾದದ್ದು ಬೀಗದಿಂದಲ್ಲ, ಕಾವಲುಗಾರನಿಂದಲೂ ಅಲ್ಲ. ಮದನಿಕೆ ಆ ಒಡವೆಗಳನ್ನು ನೋಡಿದೊಡನೆ ತನ್ನ ಒಡತಿಯವೆಂದು ಗುರುತಿಸಿದ್ದರಿಂದ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನ ಹಾಕುವ ಕಾಯಕದ ಹೆಸರನ್ನೇ ಹೊತ್ತ ಕನ್ನದ ಮಾರಿತಂದೆಯೂ ಒಬ್ಬ.

ಈ ಕೃತಿಗಳಿಂದ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಗೋಡೆ ಮತ್ತು ಬೀಗ ಕಳ್ಳನನ್ನು ತಡಮಾಡಿಸಬಲ್ಲವೇ ಹೊರತು ತಡೆದು ನಿಲ್ಲಿಸಲಾರವು. ಒಳಗಿನ ತಿಳಿವಳಿಕೆ ಉಳ್ಳವನ ಮುಂದಂತೂ ಅವು ನಿಷ್ಪ್ರಯೋಜಕ. ಎರಡು, ಕದ್ದ ಒಡವೆ ಮರಳುವುದು ಅದನ್ನು ಗುರುತಿಸುವವರಿದ್ದಾಗ ಮಾತ್ರ.

ಈಗ ಇಂದಿನ ಮನೆಗಳತ್ತ ನೋಡಬಹುದು. ಭತ್ತದ ಕಣಜವೆನಿಸಿದ ಗಂಗಾವತಿಯಲ್ಲಿ ಸುಗ್ಗಿಯ ಹಣ ಬೋರಮಾಳ, ಪಾಟಲಿ, ಬಿಲ್ವಾರಗಳಾಗುತ್ತದೆ. ಒಣಬೇಸಾಯದ ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆ ಕೈಕೊಟ್ಟ ವರ್ಷ ಅದೇ ಒಡವೆ ಅಡವಿಗೆ ಹೋಗುತ್ತದೆ. ಮನೆಮಂದಿ ಬೀಗ ಹಾಕಿ ದೂರದ ಊರುಗಳಿಗೆ ಗುಳೇ ಹೋಗುತ್ತಾರೆ. ತಿಂಗಳುಗಟ್ಟಲೆ ಬೀಗ ಬಿದ್ದ ಮನೆ ಕಳ್ಳನಿಗೆ ತೆರೆದ ಆಮಂತ್ರಣ. ಮನೆಯೊಳಗೆ ಒಡವೆ ಇಡುವ ತಾಣಗಳಾದರೋ ಎಲ್ಲರಿಗೂ ಗೊತ್ತಿರುವಂಥವು: ದೇವರ ಕೋಣೆಯ ಗೂಡು, ಕಾಳಿನ ಡಬ್ಬಿ, ಸೀರೆಯ ಮಡಿಕೆ, ಹಾಸಿಗೆಯ ಕೆಳಗು, ಕಬ್ಬಿಣದ ಕಪಾಟು. ತೆಳುವಾದ ತಗಡಿನ ಕಪಾಟನ್ನು ತಿಜೋರಿಯೆಂದು ಕರೆಯುವುದರಿಂದ ಅದು ತಿಜೋರಿಯಾಗುವುದಿಲ್ಲ. ಒಂದು ಹಾರೆ, ಹತ್ತು ನಿಮಿಷ ಸಾಕು. ಕಪಾಟಿನ ಕೀಲಿಕೈ ಅದೇ ಕೋಣೆಯ ಮೊಳೆಗೆ ತೂಗುತ್ತಿದ್ದರೆ ಅಷ್ಟೂ ಬೇಕಿಲ್ಲ.

ಮನೆಯಲ್ಲಿಯೇ ಇಡಬೇಕಾದವರು ಮೊದಲು ಮಾಡಬೇಕಾದದ್ದು ಪ್ರಮಾಣವನ್ನು ಇಳಿಸುವುದು. ನಿತ್ಯ ತೊಡುವುದು ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ಮದುವೆ, ಜಾತ್ರೆಗೆ ಬೇಕಾಗುವುದು ಹೊರಗಿರಲಿ. ಮನೆಯಲ್ಲಿಡುವ ತಿಜೋರಿ ದಪ್ಪ ಉಕ್ಕಿನದಾಗಿರಬೇಕು. ಎತ್ತಿಕೊಂಡು ಹೋಗಲಾಗದಂತೆ ಅದನ್ನು ಗೋಡೆಗೋ ನೆಲಕ್ಕೋ ಬೋಲ್ಟಿನಿಂದ ಬಿಗಿದಿರಬೇಕು. ಬಾಗಿಲಿಗೆ ಒಳಗಡೆಯ ಅಗುಳಿ, ಹಿತ್ತಿಲ ಕಡೆಗೊಂದು ದೀಪ, ಮಾಳಿಗೆಯ ಬೆಳಕಿಂಡಿಗೆ ಸರಳು, ಇವು ಅಗ್ಗವಾದರೂ ಫಲಕಾರಿ. ಪರಊರಿಗೆ ಹೋಗುವಾಗ ನೆರೆಯವರಿಗೂ ಪೊಲೀಸ್ ಠಾಣೆಗೂ ತಿಳಿಸಿ ಹೋಗುವುದು ಇವೆಲ್ಲಕ್ಕಿಂತ ಮುಖ್ಯ. ವಡ್ಡಾರಾಧನೆಯ ತಳಾರನೇ ಇಂದಿನ ಹಳ್ಳಿಗಳ ತಳವಾರ. ಊರಿನ ಕಾವಲು ಒಂದು ಮನೆತನದ ಹೊಣೆಯಾಗಿದ್ದ ಕಾಲ ಕಳೆದು, ಈಗ ಆ ಪದ ಅಡ್ಡಹೆಸರಾಗಿ ಉಳಿದಿದೆ. ಹೆಸರು ಉಳಿದು ಕಾವಲು ಹೋಗಿರುವ ಕಡೆ ನೆರೆಹೊರೆಯ ಕಣ್ಣೇ ತಳವಾರನಾಗಬೇಕು. ಕಳ್ಳರೊಡನೆ ಕಾದಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡಿಗೆ ಒಬ್ಬರ ಮನೆಯನ್ನು ಇನ್ನೊಬ್ಬರು ಕಾಯುವ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಬ್ಯಾಂಕಿನ ಲಾಕರು? ಮನೆಗಿಂತ ಅದು ಖಂಡಿತ ಮೇಲು. ಆದರೆ ಅದನ್ನು ಪೂರ್ಣಾಭಯವೆಂದು ಬಗೆಯುವುದು ತಪ್ಪು. ರಿಸರ್ವ್ ಬ್ಯಾಂಕು 2021ರಲ್ಲಿ ಪರಿಷ್ಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ನಿಯಮದಂತೆ, ಕಳವು, ಬೆಂಕಿ ಅಥವಾ ನೌಕರರ ವಂಚನೆಯಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ. ವರ್ಷಕ್ಕೆ 2,000 ರೂಪಾಯಿ ಬಾಡಿಗೆಯ ಲಾಕರಿಗೆ ಸಿಗುವುದು ಹೆಚ್ಚೆಂದರೆ 2 ಲಕ್ಷ. ಹತ್ತು ಗ್ರಾಂ ಚಿನ್ನದ ಬೆಲೆ 2025ರಲ್ಲಿ ಲಕ್ಷ ರೂಪಾಯಿ ದಾಟಿದ ಮೇಲೆ ಅದು ಎರಡು ತೊಲೆಗೂ ಸಾಲದು. ಒಳಗೆ ಏನಿದೆಯೆಂಬ ಪಟ್ಟಿ ಬ್ಯಾಂಕಿನ ಬಳಿ ಇರುವುದಿಲ್ಲ. ಇಟ್ಟವರ ಬಳಿಯೂ ಇಲ್ಲದಿದ್ದರೆ ಕೇಳುವುದಕ್ಕೆ ಆಧಾರವೇ ಇರದು.

ಇತ್ತೀಚಿನ ಎರಡು ಪ್ರಕರಣಗಳು ಇಲ್ಲಿ ಬೋಧಪ್ರದ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯೊಂದರಿಂದ ಗ್ರಾಹಕರು ಅಡವಿಟ್ಟಿದ್ದ ಸುಮಾರು 59 ಕಿಲೊ ಚಿನ್ನ ಕಳವಾಯಿತು. ಬಂಧಿತರಲ್ಲಿ ಅದೇ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕನಾಗಿದ್ದವನೂ ಇದ್ದ. ತಳಾರನ ಗೆಳೆಯನೇ ಚೋರನೆಂದು ಹೇಳಿದ ವಡ್ಡಾರಾಧನೆಯನ್ನು ನೆನಪಿಸುವ ಪ್ರಕರಣವಿದು. ಅದಕ್ಕೂ ಮೊದಲು, 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕಿನಿಂದ ಕದ್ದ 17 ಕಿಲೊಗೂ ಮೀರಿದ ಚಿನ್ನ ತಿಂಗಳುಗಳ ತನಿಖೆಯ ಬಳಿಕ ಪತ್ತೆಯಾದದ್ದು ತಮಿಳುನಾಡಿನ ಮಧುರೆಯ ಕಡೆಯ ಬಾವಿಯೊಂದರಲ್ಲಿ. ಕದ್ದವನಿಗೂ ಕೊನೆಗೆ ಉಳಿದದ್ದು ಬಚ್ಚಿಡುವ ದಾರಿಯೇ. ಮಾಲೀಕನ ಭಯ ಕಳ್ಳನಿಗೂ ವರ್ಗವಾಗುತ್ತದೆ. ಚಿನ್ನ ಮಾತ್ರ ಯಾರಿಗೂ ಉಪಯೋಗಕ್ಕೆ ಬಾರದೆ ಕತ್ತಲೆಯಲ್ಲಿರುತ್ತದೆ.

ಇಲ್ಲಿಯೇ ಬರಹದ ಪ್ರಶ್ನೆ ಬರುತ್ತದೆ. ಕೊಪಣದ ಬೋಪಣ್ಣನೆಂಬವನು ಮಾಡಿಸಿದ ಚವ್ವೀಸ ತೀರ್ಥಂಕರರ ಪ್ರತಿಮೆ ಇಂದು ಕೊಪ್ಪಳದಲ್ಲಿಲ್ಲ. ಸಾಲಾರ್ ಜಂಗರ ಜಹಗೀರಾಗಿದ್ದ ಈ ಊರಿನಿಂದ ಅದು ಹೈದರಾಬಾದಿಗೆ ಹೋಗಿ ಅಲ್ಲಿನ ಸಂಗ್ರಹಾಲಯ ಸೇರಿದೆ. ಆದರೂ ಅದು ಕೊಪಣದ್ದೆಂದು ವಿದ್ವಾಂಸರಿಗೆ ತಿಳಿದಿರುವುದು ಪೀಠದ ಬರಹದಿಂದ. ಮಾಡಿಸಿದವನ ಹೆಸರು, ತಂದೆತಾಯಿಯರ ಹೆಸರು, ಗುರುವಿನ ಹೆಸರು, ಊರಿನ ಹೆಸರು ಅಲ್ಲಿವೆ. ವಸ್ತು ಸ್ಥಳ ಬದಲಿಸಿದರೂ ಬರಹ ಅದರ ಮನೆಯ ವಿಳಾಸವನ್ನು ಬಿಟ್ಟುಕೊಟ್ಟಿಲ್ಲ. ಇಂದಿನ ಒಡವೆಗಳ ಮೇಲಿನ ಹಾಲ್‌ಮಾರ್ಕ್ ಅದೇ ಕೆಲಸದ ಚಿಕ್ಕ ರೂಪ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಆಭರಣಗಳನ್ನು ಆರು ಅಕ್ಷರಾಂಕಗಳ ಎಚ್.ಯು.ಐ.ಡಿ. ಗುರುತಿಲ್ಲದೆ ಮಾರುವಂತಿಲ್ಲ. ಆ ಗುರುತನ್ನು ಬರೆದಿಟ್ಟುಕೊಂಡ ಮನೆಗಳೆಷ್ಟು? ಪ್ರತಿ ಒಡವೆಯ ಛಾಯಾಚಿತ್ರ, ತೂಕ, ಗುರುತಿನ ಸಂಖ್ಯೆ, ಕೊಂಡ ರಸೀದಿ, ಇವುಗಳ ಒಂದು ಪಟ್ಟಿ ಮನೆಯ ಹೊರಗೆ ನಂಬಿಕಸ್ಥರೊಬ್ಬರ ಬಳಿ ಇದ್ದರೆ ಠಾಣೆಯಲ್ಲಿ ದೂರು ಗಟ್ಟಿಯಾಗುತ್ತದೆ, ವಿಮೆ ಮಾಡಿಸಲು ಸಾಧ್ಯವಾಗುತ್ತದೆ, ಒಡವೆ ಸಿಕ್ಕಾಗ ಮರಳಿ ಪಡೆಯಲು ಬರುತ್ತದೆ.

ಪಟ್ಟಿ ಬರೆದಿಟ್ಟರೆ ತೆರಿಗೆಯವರ ಕಣ್ಣು ಬೀಳುತ್ತದೆಂಬ ಆಕ್ಷೇಪವಿದೆ. ಈ ಭಯಕ್ಕೆ ಬಹುಮಟ್ಟಿಗೆ ಕಾರಣವಿಲ್ಲ. ಶೋಧನೆಯ ಸಮಯದಲ್ಲಿ ವಿವಾಹಿತ ಸ್ತ್ರೀಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷನ 100 ಗ್ರಾಂವರೆಗಿನ ಚಿನ್ನದ ಒಡವೆಗಳನ್ನು ಜಪ್ತಿ ಮಾಡಬಾರದೆಂದು ಕೇಂದ್ರ ನೇರ ತೆರಿಗೆ ಮಂಡಳಿ 1994ರಲ್ಲಿಯೇ ಸೂಚಿಸಿದೆ. ಸಾಮಾನ್ಯ ರೈತ ಕುಟುಂಬದ ಒಡವೆ ಆ ಮಿತಿಯೊಳಗೇ ಇರುತ್ತದೆ. ಪಟ್ಟಿಯಿಂದ ಕಳ್ಳನಿಗೆ ಸುಳಿವು ಸಿಗುತ್ತದೆಂಬುದು ಎರಡನೆಯ ಆಕ್ಷೇಪ. ಇಲ್ಲಿ ದಾಖಲೆಗೂ ಪ್ರದರ್ಶನಕ್ಕೂ ಇರುವ ಭೇದವನ್ನು ಮರೆಯಬಾರದು. ಎಲ್ಲಿದೆ ಎಂಬುದು ಗುಟ್ಟಾಗಿರಬೇಕು. ಏನಿದೆ, ಯಾರದು ಎಂಬುದು ಬರಹದಲ್ಲಿರಬೇಕು. ಇಂದಿನ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಮದುವೆಯ ಒಡವೆಗಳೆಲ್ಲ ಮೊಬೈಲಿನ ಚಿತ್ರಗಳಲ್ಲಿ ಊರಿಗೆಲ್ಲ ಪ್ರಕಟ. ಊರು ಬಿಟ್ಟ ದಿನವೂ ಅಲ್ಲಿಯೇ ಪ್ರಕಟ. ಮನೆಯ ಹೆಣ್ಣುಮಗಳಿಗೆ ಮಾತ್ರ ತನ್ನ ಒಡವೆಯ ತೂಕ ಗೊತ್ತಿರುವುದಿಲ್ಲ.

ಹೂತಿಟ್ಟವರು ಯಾರಿಗೂ ಹೇಳದೆ ತೀರಿಕೊಂಡರೆ ಆ ಹೊನ್ನು ಕಳ್ಳನಿಲ್ಲದೆಯೇ ಕಳವಾದಂತೆ. ನೆಲವನ್ನು ಅಗೆದು ಅರ್ಥವನ್ನು ಮಡಗುವವರನ್ನು ಎಚ್ಚರಿಸುವ ಬಸವಣ್ಣನ ವಚನವೊಂದರ ತಿರುಳೂ ಇದೇ. ಇಂಥ ಕಳವಿನ ಮೊದಲ ಬಲಿಗಳು ಸಾಮಾನ್ಯವಾಗಿ ವಿಧವೆಯರು. ಶಾಸ್ತ್ರ ಮತ್ತು ಕಾನೂನು ಎರಡೂ ಸ್ತ್ರೀಧನವೆಂದು ಒಪ್ಪಿದ ಸಂಪತ್ತು ಗಂಡನ ಗುಟ್ಟಿನೊಡನೆ ಮಣ್ಣಾಗುತ್ತದೆ. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಾಣ ತಿಳಿದಿರಬೇಕು, ಅವರಲ್ಲಿ ಒಬ್ಬಳು ಒಡವೆಯ ಒಡತಿಯೇ ಆಗಿರಬೇಕು ಎಂಬುದನ್ನು ನಿಯಮವಾಗಿ ಪಾಲಿಸತಕ್ಕದ್ದು.

ಹೊನ್ನನ್ನು ಬಚ್ಚಿಡದೆ ಕಾಯುವ ಮಾದರಿ ಈ ನಾಡಿಗೆ ಹೊಸದಲ್ಲ. ಹೊಯ್ಸಳರ ಹಿರಿಯ ಭಂಡಾರಿ ಹುಳ್ಳರಾಜನ ವೃತ್ತಿಯೇ ಅರಸನ ಹೊನ್ನನ್ನು ಕಾಯುವುದು. ಶ್ರವಣಬೆಳಗೊಳದಲ್ಲಿ ಅವನು ಕಟ್ಟಿಸಿದ ಬಸದಿಗೆ ಇಂದಿಗೂ ಭಂಡಾರಿ ಬಸದಿಯೆಂಬ ಹೆಸರು. ಅವನು ಕೊಪಣ ಮಹಾತೀರ್ಥದಲ್ಲಿ ಬಹಳ ಹೊನ್ನನ್ನು ಕೊಟ್ಟು ಮುನಿಸಮುದಾಯಕ್ಕೆ ವೃತ್ತಿಯನ್ನು ಏರ್ಪಡಿಸಿದ ಸಂಗತಿ ಬೆಳಗೊಳದ ಶಾಸನದಲ್ಲಿದೆ. ಹದಿಮೂರನೆಯ ಶತಮಾನದ ಬೆಳಗೊಳದಲ್ಲಿ ಸಾಮಾನ್ಯ ಭಕ್ತರೂ ಕೆಲವೇ ಗದ್ಯಾಣಗಳನ್ನು ಮೂಲಧನವಾಗಿ ಒಪ್ಪಿಸಿ, ಅದರ ಬಡ್ಡಿಯಿಂದ ಗೊಮ್ಮಟನ ಹಾಲು, ಹೂವು ನಡೆಯುವಂತೆ ಮಾಡಿ ಅದನ್ನು ಕಲ್ಲಿನಲ್ಲಿ ಬರೆಯಿಸಿದರು. ಎಷ್ಟು ಹೊನ್ನು, ಯಾರು ಕೊಟ್ಟರು, ಎಷ್ಟು ಬಡ್ಡಿ ಎಂಬುದು ಎಲ್ಲರೂ ಓದಬಹುದಾದ ಬಯಲಿನಲ್ಲಿತ್ತು. ನಿಕ್ಷೇಪದ ಎರಡನೆಯ ಅರ್ಥದ ಪೂರ್ಣರೂಪವಿದು. ಆ ಗದ್ಯಾಣಗಳು ಇಂದಿಲ್ಲ, ಆದರೆ ಅವುಗಳ ಲೆಕ್ಕ ಉಳಿದಿದೆ. ವಿಜಯನಗರದ ಮುದ್ರೆಯೊತ್ತಿದ ಭಂಡಾರದ ಲೆಕ್ಕ ಉಳಿದಿಲ್ಲ.

ತತ್ತ್ವಾರ್ಥಸೂತ್ರವು ಗೃಹಸ್ಥನ ಪರಿಗ್ರಹ ಪರಿಮಾಣ ವ್ರತದಲ್ಲಿ ಹಿರಣ್ಯ ಸುವರ್ಣಗಳನ್ನು ಹೆಸರಿಸಿ ಮಿತಿ ಹಾಕಿಕೊಳ್ಳಲು ಹೇಳುತ್ತದೆ. ಮಿತಿ ಹಾಕಬೇಕಾದರೆ ಎಷ್ಟಿದೆಯೆಂದು ತಿಳಿದಿರಬೇಕು. ಆದ್ದರಿಂದ ಲೆಕ್ಕವೇ ಆ ವ್ರತದ ಮೊದಲ ಮೆಟ್ಟಿಲು. ಅಚೌರ್ಯ ವ್ರತದ ಅತಿಚಾರಗಳಲ್ಲಿ ಅದೇ ಗ್ರಂಥ ಕಳ್ಳನನ್ನು ಪ್ರೇರೇಪಿಸುವುದನ್ನೂ ಕದ್ದ ವಸ್ತುವನ್ನು ಕೊಳ್ಳುವುದನ್ನೂ ಸೇರಿಸಿದೆ. ಕದ್ದ ಮಾಲೆಂದು ತಿಳಿದೂ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಇಂದಿಗೂ ಅಪರಾಧ. ರಸೀದಿಯಿಲ್ಲದ ಒಡವೆಯನ್ನು ಅಗ್ಗಕ್ಕೆ ಕೊಳ್ಳುವ ಗಿರಾಕಿ, ಕೇಳದೆ ಕರಗಿಸುವ ಅಂಗಡಿ ಇರುವವರೆಗೆ ಯಾವ ತಿಜೋರಿಯೂ ಕಳ್ಳನನ್ನು ನಿರುತ್ಸಾಹಗೊಳಿಸಲಾರದು. ಕಳವು ಒಬ್ಬನಿಂದ ನಡೆಯುವುದಿಲ್ಲ. ಕೊಳ್ಳುವವನೂ ಅದರ ಪಾಲುಗಾರ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಒಂದು ವಿಶೇಷ ಹೊಣೆಯಿದೆ. ಕ್ಷೇತ್ರಕಾರ್ಯಕ್ಕೆ ಹೋದ ಊರುಗಳಲ್ಲಿ ಶಾಸನದ ಕಲ್ಲು ನಿಧಿಯ ಗುರುತಲ್ಲವೆಂದು, ಅದರಲ್ಲಿ ಬರೆದಿರುವುದು ದಾನದ, ಗಡಿಯ, ಮಡಿದವರ ಸಂಗತಿಯೆಂದು ಓದಿ ಹೇಳುವುದು ಅವರಿಂದ ಮಾತ್ರ ಸಾಧ್ಯ. ಅರ್ಥ ತಿಳಿಯದ ಬರಹ ಜನರಿಗೆ ಗುಪ್ತಸಂಕೇತದಂತೆ ಕಾಣುತ್ತದೆ; ಅರ್ಥ ತಿಳಿದೊಡನೆ ಅದು ಊರಿನ ಸ್ವಂತ ದಾಖಲೆಯಾಗುತ್ತದೆ. ನೆಲದಲ್ಲಿ ಏನಾದರೂ ದೊರೆತರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯಿದೆಯ ಕಾಲದಿಂದಲೂ ಇದೆಯೆಂಬುದನ್ನೂ ಅವರೇ ಹೇಳಬಹುದು. ಹಾಗೆ ಓದಿ ಹೇಳಿ ಮನೆಗೆ ಮರಳಿದವರು ಅದೇ ಸಂಜೆ ಸ್ವಂತ ಮನೆಯ ಒಡವೆಗಳ ಪಟ್ಟಿಯನ್ನೂ ಬರೆದಿಡಲಿ. ಕಲ್ಲು ಕೆತ್ತಿಸಿದವರು ಮಾಡಿದ್ದೂ ಅದನ್ನೇ.